ಒಬ್ಬನೇ ಓದುಗನಿಗಾಗಿ ಬರೆದವರು

ಟೆಕ್ಸಸ್‌ನ ಆಸ್ಟಿನ್‌ನಲ್ಲಿ ರಾಜ್ಯಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ ದಿನಗಳಲ್ಲಿ ನನ್ನ ವಿಷಯ ಏನೆಂದು ವಿವರಿಸುವುದು ನನಗೆ ಕಷ್ಟವಾಗುತ್ತಿತ್ತು. ಸರ್ವಾಧಿಕಾರದ ದೇಶಗಳಲ್ಲಿ ಗುಪ್ತಚರರು ಬೀದಿಯಲ್ಲಿ ಹೆಕ್ಕಿದ ಸುದ್ದಿ, ಆಳುವವನ ಮೇಜನ್ನು ತಲುಪುವಷ್ಟರಲ್ಲಿ ಏನೇನಾಗಿರುತ್ತದೆ ಎನ್ನುವುದು ವಿಷಯ. ಹ್ಯೂಸ್ಟನ್ ಹೊರವಲಯದಲ್ಲಿದ್ದ ನನ್ನ ಚಿಕ್ಕಮ್ಮನಿಗೆ ಆ ಕಷ್ಟವಿರಲಿಲ್ಲ. "ನಮ್ಮ ಹುಡುಗಿ ಸ್ಪೈಗಳ ಮೇಲೆ ಪಿಎಚ್.ಡಿ. ಮಾಡ್ತಿದಾಳೆ" ಎಂದು ಸ್ಟಾಫರ್ಡ್‌ನ ಅಂಗಡಿಯಲ್ಲಿ ಕರಿಬೇವು ಆರಿಸುತ್ತಲೇ ಹೇಳಿಬಿಡುತ್ತಿದ್ದಳು. ಕೇಳಿದವರು ನನ್ನನ್ನೊಮ್ಮೆ ನೋಡಿ, ನನ್ನ ಕೈಯಲ್ಲಿದ್ದ ಫೋನನ್ನೊಮ್ಮೆ ನೋಡಿ, ಹುಣಸೆಹಣ್ಣು ಎಲ್ಲಿಟ್ಟಿದ್ದಾರೆ ಎಂದು ಹುಡುಕಲು ಹೋಗುತ್ತಿದ್ದರು.

ಚಿಕ್ಕಮ್ಮನ ಈ ಪ್ರಚಾರದಿಂದ ನನಗೆ ಒಮ್ಮೆ ಮಾತ್ರ ಉಪಕಾರವಾಯಿತು. ಅವಳು ಶುಗರ್ ಲ್ಯಾಂಡ್ ಬಿಟ್ಟು ಫುಲ್‌ಶೀರ್‌ನ ಹೊಸ ಬಡಾವಣೆಗೆ ಮನೆ ಬದಲಾಯಿಸಿದ್ದಳು. ಅಲ್ಲಿ ಪಕ್ಕದ ಮನೆಯಲ್ಲಿ ತೈಲ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದ ಹೆಂಗಸೊಬ್ಬಳು ತನ್ನ ವಯಸ್ಸಾದ ತಂದೆಯ ಜೊತೆ ಇದ್ದಳು. ಅವರ ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಒಬ್ಬ ಅಧ್ಯಕ್ಷ ಸಾಯುವವರೆಗೆ ಆಳಿ, ಅವನ ನಂತರ ಅವನ ಅಳಿಯ ಆಳುತ್ತಿರುವ ದೇಶ ಎಂದರೆ ಸಾಕು. ನಾನು ವಾರಾಂತ್ಯಕ್ಕೆ ಆಸ್ಟಿನ್‌ನಿಂದ ಬಂದಿದ್ದ ಒಂದು ಮಧ್ಯಾಹ್ನ ಆಕೆ ಹಿತ್ತಲ ಬೇಲಿಯ ಹತ್ತಿರ ನಿಂತು ನನ್ನನ್ನು ಕರೆದಳು.

"ನಿಮ್ಮ ವಿಷಯ ಅಪ್ಪನಿಗೆ ಗೊತ್ತಾಗಿದೆ. ನಿಮ್ಮ ಜೊತೆ ಮಾತಾಡಬೇಕು ಅಂತಿದ್ದಾರೆ. ಅವರು ಅಲ್ಲಿ ಗುಪ್ತಚರ ಇಲಾಖೆಯಲ್ಲಿದ್ದರು."

ಇಂಥ ಒಬ್ಬ ಮನುಷ್ಯ ಸಿಗಲೆಂದು ನನ್ನ ಸಹಪಾಠಿಗಳು ಮೂರು ಖಂಡಗಳಲ್ಲಿ ವೀಸಾಗೆ ಕಾಯುತ್ತಿದ್ದರು.

"ನಾನು ಬೇಡ ಅಂದೆ, ಕೇಳಲಿಲ್ಲ" ಎಂದು ಆಕೆ ಮುಂದುವರಿಸಿದಳು. "ಅಮ್ಮ ಇನ್ನೂ ಅಲ್ಲೇ ಇದ್ದಾರೆ. ಅವರನ್ನು ಹೊರಗೆ ಬಿಡಬೇಕಾದದ್ದು ಅದೇ ಇಲಾಖೆ. ಅಪ್ಪ ಬಾಯಿ ಬಿಟ್ಟಿದ್ದಾರೆ ಅಂತ ತಿಳಿದರೆ ಅಮ್ಮ ಬರುವುದಿಲ್ಲ. ಇದೊಂದು ನೆನಪಿಟ್ಟುಕೊಳ್ಳಿ."

ಹೃದಯದ ಶಸ್ತ್ರಚಿಕಿತ್ಸೆಗೆಂದು ತಂದೆಯನ್ನು ಹೊರಗೆ ಬಿಟ್ಟು, ಹೆಂಡತಿಯನ್ನು ಅಲ್ಲೇ ಉಳಿಸಿಕೊಂಡಿದ್ದರು. ಅಲ್ಲಿ ಯಾರೂ ಅದನ್ನು ಒತ್ತೆ ಎಂದು ಕರೆಯುತ್ತಿರಲಿಲ್ಲ. ಆಕೆಯ ಅರ್ಜಿ ಪರಿಶೀಲನೆಯಲ್ಲಿತ್ತು, ಅಷ್ಟೆ.

ವಿಶ್ವವಿದ್ಯಾಲಯದ ನೈತಿಕ ಸಮಿತಿ ಹೇಳಿದ ಎಲ್ಲ ಎಚ್ಚರಿಕೆಗಳನ್ನೂ ನಾನು ಪಾಲಿಸಿದೆ. ಹೆಸರಿನ ಬದಲು ಅವರಿಗೊಂದು ಸಂಕೇತ ಕೊಟ್ಟೆ, ಧ್ವನಿಮುದ್ರಿಕೆಗಳಿಗೆ ಬೀಗ ಹಾಕಿದೆ, ಕಾರನ್ನು ಚಿಕ್ಕಮ್ಮನ ಮನೆಯ ಮುಂದೆ ನಿಲ್ಲಿಸಿ ಹಿತ್ತಲ ಗೇಟಿನಿಂದ ಅವರ ಮನೆಗೆ ಹೋಗುತ್ತಿದ್ದೆ. ಅವರ ಕೋಣೆಯ ಕಿಟಕಿಗೆ ಬಡಾವಣೆಯವರು ತೋಡಿಸಿದ ಕೊಳ ಕಾಣುತ್ತಿತ್ತು. ಅವರು ಮಾತ್ರ ಕಿಟಕಿಗೆ ಬೆನ್ನು ಹಾಕಿ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದರು. ಸಣ್ಣ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಕೊಡುತ್ತಿದ್ದರು. ನಿಧಾನವಾದ, ಪುಸ್ತಕದ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು.

ಅವರ ಕೆಲಸ ಬೇಹು ನಡೆಸುವುದಲ್ಲ. ದೇಶದ ಮೂಲೆಮೂಲೆಯಿಂದ ಬಂದ ವರದಿಗಳನ್ನೆಲ್ಲ ಓದಿ, ಅಧ್ಯಕ್ಷ ಬೆಳಗಿನ ತಿಂಡಿ ತಿನ್ನುತ್ತ ನೋಡಲೆಂದು ಒಂದು ಪುಟಕ್ಕೆ ಇಳಿಸುವುದು. ಪುಟ ತಿಂಡಿಗಿಂತ ಉದ್ದವಾಗಬಾರದು ಎನ್ನುವುದು ಬರೆಯದ ನಿಯಮ.

"ದಶಕಗಟ್ಟಲೆ ಒಬ್ಬನೇ ಓದುಗನಿಗಾಗಿ ಬರೆದೆ" ಎಂದರು ಮೊದಲ ದಿನವೇ. "ಅವನು ಓದುತ್ತಿದ್ದನೋ ಇಲ್ಲವೋ ಖಚಿತವಿರಲಿಲ್ಲ. ಹಿಂದಿರುಗಿ ಬಂದ ಹಾಳೆಯ ಮೇಲೆ ಜಾಮಿನ ಕಲೆ ಇದ್ದರೆ ಆ ದಿನ ನಮ್ಮ ವಿಭಾಗದಲ್ಲಿ ಎಲ್ಲರಿಗೂ ಸಂತೋಷ."

ನನ್ನ ಜೊತೆ ಮಾತಾಡಲು ಅವರು ಯಾಕೆ ಒಪ್ಪಿದರು ಎನ್ನುವುದು ಆಗ ಅರ್ಥವಾಯಿತು. ಪಶ್ಚಾತ್ತಾಪವಿರಬಹುದು ಎಂದುಕೊಂಡು ಅದಕ್ಕೆ ತಕ್ಕ ಪ್ರಶ್ನೆಗಳನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರಿಗೆ ಬೇಕಾಗಿದ್ದದ್ದು ತಿಂಡಿ ತಿನ್ನದೆ ಕೇಳುವ ಒಬ್ಬರು.

ಪುಟದ ಮೊದಲ ಸಾಲು ಯಾವಾಗಲೂ ಹವಾಮಾನ. ಅಧ್ಯಕ್ಷ ಒಪ್ಪಿಕೊಳ್ಳಬಹುದಾದ ಸುದ್ದಿ ಅದೊಂದೇ ಎಂದು ಹಿರಿಯರು ಹಾಗೆ ಮಾಡಿದ್ದರಂತೆ. ಒಂದು ವರ್ಷ ರಾಷ್ಟ್ರೀಯ ಹಬ್ಬದ ಮೆರವಣಿಗೆಯ ದಿನ ಜೋರು ಮಳೆಯಾಗುತ್ತದೆ ಎಂದು ಹವಾಮಾನದವರು ತಿಳಿಸಿದರು. ಆ ಸುದ್ದಿ ಇವರ ಮೇಜಿಗೆ ಬಂದಾಗ 'ಮಳೆಯ ಸಾಧ್ಯತೆ' ಆಗಿತ್ತು. ಇವರು ಅದನ್ನು 'ಅಲ್ಲಲ್ಲಿ ಮೋಡ' ಮಾಡಿದರು. ಇವರ ಮೇಲಿನವರು ಮೋಡವನ್ನೂ ತೆಗೆದರು.

"ಆಮೇಲೆ?"

"ಮಳೆ ಬಂತು. ಅಧ್ಯಕ್ಷರು ನೆನೆದರು. ನಾವೂ ನೆನೆದೆವು. ಇಲಾಖೆಯ ಒಬ್ಬ ಅಧಿಕಾರಿಯೂ ಛತ್ರಿ ತಂದಿರಲಿಲ್ಲ. ತಂದಿದ್ದರೆ ಮಳೆಯ ವಿಷಯ ಮೊದಲೇ ಗೊತ್ತಿತ್ತು ಎಂದಾಗುತ್ತಿತ್ತಲ್ಲ? ಬೀದಿ ಬದಿಯಲ್ಲಿ ನಿಂತ ಸಾಮಾನ್ಯ ಜನ ಎಲ್ಲರೂ ಛತ್ರಿ ಹಿಡಿದಿದ್ದರು." ಚಹಾ ಗುಟುಕರಿಸಿ ಹೇಳಿದರು: "ಜನ ನಮ್ಮ ಕಟ್ಟಡದ ಮುಂದೆ ಹಾಯಲು ಹೆದರುತ್ತಿದ್ದರು. ಒಳಗಿದ್ದವರು ಎಷ್ಟು ಹೆದರಿಕೊಂಡಿದ್ದೆವು ಎಂದು ಅವರಿಗೆ ಗೊತ್ತಾಗಿದ್ದರೆ ಆ ದೇಶ ಒಂದು ಮಧ್ಯಾಹ್ನದಲ್ಲಿ ಬದಲಾಗುತ್ತಿತ್ತು."

ಹೀಗೆ ಅವರು ನನ್ನನ್ನು ನಗಿಸುತ್ತಿದ್ದರು. ಆ ವರದಿಗಳಲ್ಲಿ ಹೆಸರಿದ್ದವರಿಗೆ ಏನಾಯಿತು ಎಂದು ಒಮ್ಮೆ ಕೇಳಿದೆ. ಲೋಟವನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟರು.

"ಅದು ಬೇರೆ ಮಹಡಿ" ಎಂದರು.

ಇನ್ನೊಮ್ಮೆ ಕೇಳಿದಾಗಲೂ ಅದೇ ಉತ್ತರ. ಎರಡೂ ಸಲ ನಗಲಿಲ್ಲ. ಆ ದಿನದಿಂದ ಅವರ ತಮಾಷೆಗಳಿಗೆ ನಾನು ನಗುವುದು ಸ್ವಲ್ಪ ಕಡಿಮೆಯಾಯಿತು. ಅವರಿಗೂ ಅದು ತಿಳಿಯಿತು. ಆದರೂ ಮಾತು ನಿಲ್ಲಲಿಲ್ಲ.

ಒಂದು ಶನಿವಾರ ನಾನು ಹಿತ್ತಲಿನಿಂದ ಒಳಗೆ ಬಂದಾಗ ಚಿಕ್ಕಮ್ಮ ಹುರುಳಿಕಾಯಿ ಮುರಿಯುತ್ತ ಕೂತಿದ್ದಳು.

"ಅಂಕಲ್ಲು ಇಂಟೆಲಿಜೆನ್ಸಲ್ಲಿದ್ರಾ?"

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನಿಮ್ಮ ಚಿಕ್ಕಪ್ಪ ಕೇಳಿದ್ರು, ಏನು ಕೆಲ್ಸದಲ್ಲಿದ್ರಿ ಅಂತ. ಆಫೀಸು ಅಂದ್ರು. ಆಫೀಸಲ್ಲಿ ಏನು ಅಂದ್ರೆ ಪೇಪರ್ ಓದೋದು ಅಂದ್ರು. ಹಂಗೆ ಹೇಳೋರು ಇನ್ನೇನಾಗಿರ್ತಾರೆ? ಅದೂ ಅಲ್ದೆ ನೀನು ಬೇರೆ ಕಳ್ಳಿ ಹಂಗೆ ಹಿತ್ಲು ಗೇಟಿಂದ ಹೋಗ್ತೀಯಾ. ಮುಂದ್ಗಡೆ ಬಾಗ್ಲಿಂದ ಹೋಗಿದ್ರೆ ನಂಗೆ ಡೌಟೇ ಬರ್ತಿರ್ಲಿಲ್ಲ ಕಣೇ."

ಬೇರೆ ದಾರಿಯಿಲ್ಲದೆ ವಿಷಯ ಹೇಳಿದೆ. ಅವರ ಹೆಂಡತಿ ಅಲ್ಲಿದ್ದಾರೆ, ಈ ಸುದ್ದಿ ಹೊರಗೆ ಹೋದರೆ ಅವರನ್ನು ಬಿಡುವುದಿಲ್ಲ ಎಂದೆ. ಚಿಕ್ಕಮ್ಮ ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟಳು. ಅವಳ ಕಣ್ಣು ನಿಜವಾಗಿ ತುಂಬಿತು.

"ಅಯ್ಯೋ ಪಾಪ. ಈ ವಯಸ್ಸಲ್ಲಿ ಗಂಡ ಒಂದ್ ಕಡೆ ಹೆಂಡ್ತಿ ಒಂದ್ ಕಡೆ. ನಾನ್ಯಾಕೆ ಹೇಳ್ಲಿ? ಹೊರಗಿನವ್ರಿಗೆ ಒಂದು ಮಾತು ಹೋಗಲ್ಲ, ತಿಳ್ಕೋ."

ಹೊರಗಿನವರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಪದಗಳ ವ್ಯಾಖ್ಯೆಯಿಂದ ಶುರು ಮಾಡಬೇಕು ಎನ್ನುವುದು ಸಂಶೋಧನೆಯ ಮೊದಲ ಪಾಠ. ಮನೆಯವರ ಜೊತೆ ಮಾತಾಡುವಾಗ ಅದು ಯಾರಿಗೂ ನೆನಪಾಗುವುದಿಲ್ಲ.

ಅಷ್ಟರಲ್ಲಿ ದಸರಾ ಬಂತು. ಚಿಕ್ಕಮ್ಮನ ಗೊಂಬೆ ನಮ್ಮವರಲ್ಲಿ ಹೆಸರುವಾಸಿ. ಕೂಡುಕೋಣೆಯ ಸೋಫಾಗಳೆಲ್ಲ ಗರಾಜಿಗೆ ಹೋಗಿ, ಆ ಜಾಗದಲ್ಲಿ ಬಿಳಿ ಬಟ್ಟೆ ಹೊದಿಸಿದ ಮೆಟ್ಟಿಲುಗಳು ಏಳುತ್ತಿದ್ದವು. ಮೇಲೆ ಜರಿ ಉಟ್ಟ ಪಟ್ಟದ ರಾಜ, ರಾಣಿ. ಅವರ ಕೆಳಗೆ ದೇವರುಗಳು, ಬಂದೂಕು ಹಿಡಿದ ಸಿಪಾಯಿಗಳ ಸಾಲು, ಆನೆ, ಬ್ಯಾಂಡಿನವರು. ಕೊನೆಯ ಮೆಟ್ಟಿಲಲ್ಲಿ ಅಕ್ಕಿ ಬೇಳೆಯ ಪುಟ್ಟ ರಾಶಿ ಇಟ್ಟುಕೊಂಡು ಕೂತ ಶೆಟ್ಟಿ, ಶೆಟ್ಟಮ್ಮ. ಪಕ್ಕದ ಮನೆಯವರನ್ನು ಅವಳು ಪ್ರತಿ ಸಂಜೆಯೂ ಕರೆದಳು. ಅಷ್ಟು ಸಲ ಬರುವುದಿಲ್ಲ ಎಂದರೆ ಅದೇ ಒಂದು ಸುದ್ದಿಯಾಗುತ್ತದೆ ಎಂದು ಮಗಳಿಗೆ ಅನ್ನಿಸಿರಬೇಕು. ಒಂದು ಸಂಜೆ ತಂದೆಯನ್ನು ಕರೆದುಕೊಂಡು ಬಂದಳು.

ಅವರು ಕೋಟು ಹಾಕಿಕೊಂಡು ಬಂದಿದ್ದರು. ಮೆಟ್ಟಿಲುಗಳನ್ನು ಮೇಲಿನಿಂದ ಕೆಳಗೆ, ವರದಿ ಓದುವವರ ಹಾಗೆ, ನೋಡಿದರು.

"ರಾಜ ಇದ್ದಾನೆ. ಸೈನ್ಯವಿದೆ. ನಮ್ಮ ಇಲಾಖೆ ಎಲ್ಲಿ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು.

ಇಲ್ಲ ಎಂದೆ.

"ಇರಲೇಬೇಕು." ಇನ್ನೊಮ್ಮೆ ನೋಡಿದರು. ಬಾಗಿ, ಶೆಟ್ಟಿ ಗೊಂಬೆಯನ್ನು ಕೈಗೆತ್ತಿಕೊಂಡರು. "ಇವನೇ. ಎಲ್ಲರೂ ಇವನ ಹತ್ತಿರ ಬರುತ್ತಾರೆ, ಇವನು ಎಲ್ಲಿಗೂ ಹೋಗುವುದಿಲ್ಲ. ಯಾರ ಮನೆಯಲ್ಲಿ ಎಷ್ಟು ಜನ ಊಟ ಮಾಡುತ್ತಾರೆ ಎಂದು ಇವನಿಗೆ ಗೊತ್ತು. ಮುಖ ನೋಡು, ಎಷ್ಟು ಸಂತೋಷವಾಗಿದ್ದಾನೆ."

ಗೊಂಬೆಯನ್ನು ಕಣ್ಣೆತ್ತರಕ್ಕೆ ಹಿಡಿದು ಅವರೂ ನಕ್ಕರು. ಅವರ ಇನ್ನೊಂದು ಕೈಯಲ್ಲಿ ಕಡಲೆಕಾಳಿನ ಉಸಲಿಯ ತಟ್ಟೆ. ಆ ಗಳಿಗೆಯಲ್ಲಿ ಚಿಕ್ಕಮ್ಮ, "ಎಲ್ರೂ ಈ ಕಡೆ ನೋಡಿ, ಅಂಕಲ್, ಸ್ಮೈಲ್!" ಎಂದಳು. ಅವಳು ಫೋಟೋ ತೆಗೆಯುವುದು ಹೊಸದೇನಲ್ಲ. ಎಲ್ಲೂ ಹಾಕಬೇಡ ಎಂದು ನಾನು ಅಡುಗೆಮನೆಯಲ್ಲಿ ಹೇಳಿದೆ. "ಸರಿ ಕಣೇ, ಹೇಳಿದೀಯಲ್ಲ" ಎಂದು ಕೋಸಂಬರಿಗೆ ನಿಂಬೆಹಣ್ಣು ಹಿಂಡಿದಳು.

ಆಮೇಲಿನ ವಾರ ಡಾಲಸ್‌ನಲ್ಲಿ ಒಂದು ವಿಚಾರ ಸಂಕಿರಣವಿತ್ತು. ಸರ್ವಾಧಿಕಾರದಲ್ಲಿ ಸುದ್ದಿ ಒಂದೊಂದು ಹಂತ ದಾಟುವಾಗಲೂ ಹೇಗೆ ತಡವಾಗುತ್ತದೆ, ಹೇಗೆ ಸವೆಯುತ್ತದೆ ಎಂದು ನಾನು ಪ್ರಬಂಧ ಓದಿದೆ. ಮುಕ್ತ ಸಮಾಜಗಳಲ್ಲಿ ಸುದ್ದಿಯ ವೇಗ ಹೇಗಿರುತ್ತದೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಅದು ನನ್ನ ಅಧ್ಯಯನದ ವ್ಯಾಪ್ತಿಯಲ್ಲಿಲ್ಲ ಎಂದೆ.

ಸಂಜೆ ನಾನು ಉಳಿದುಕೊಂಡದ್ದು ಅಮ್ಮನ ಗೆಳತಿಯ ಮನೆಯಲ್ಲಿ. ಅವರು ಧಾರವಾಡದವರು. ಕಾಲು ತೊಳೆದು ಬರುವಷ್ಟರಲ್ಲಿ ಆಂಟಿ ಫೋನ್ ಹಿಡಿದುಕೊಂಡು ಎದುರಿಗೆ ಬಂದರು.

"ಏ, ಇಲ್ಲೆ ಬಾ. ಇದು ನಿಮ್ಮ ಚಿಕ್ಕಮ್ಮನ ಮನಿ ಗೊಂಬಿ ಅಲ್ಲೇನ? ಎಷ್ಟ ಚಂದ ಕೂಡ್ಸ್ಯಾರ ನೋಡ! ಕಾಂಪಿಟಿಶನ್ನಾಗ ಸೆಕೆಂಡ್ ಪ್ರೈಜ್ ಬಂದೈತಂತ. ಮತ್ತ ಈ ಅಜ್ಜಾರು ಯಾರು? ನಿವೃತ್ತ ಗುಪ್ತಚರ ಅಧಿಕಾರಿ ಅಂತ ಕೆಳಗ ಬರದಾರ. ಅವರು ಗೊಂಬಿ ಹಿಡಕೊಂಡು ನಗೋದು ನೋಡಿದ್ರ ಹಂಗ ಅನ್ಸೂದೇ ಇಲ್ಲವಾ!"

ಫೋಟೋ ಕನ್ನಡ ಸಂಘದ ಪುಟದಲ್ಲಿತ್ತು. ಯಾರು ಬೇಕಾದರೂ ನೋಡಬಹುದಾದ ಪುಟ. ಕೆಳಗೆ ಅವರ ಮಗಳ ಹೆಸರೂ ಟ್ಯಾಗ್ ಆಗಿತ್ತು. ನಾನು ಬಾಲ್ಕನಿಗೆ ಹೋಗಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಚಿಕ್ಕಮ್ಮ, ಅಂಕಲ್ ಇರೋ ಫೋಟೋ ತೆಗಿ. ಈಗ್ಲೇ."

"ಯಾಕೇ? ಅದ್ರಲ್ಲಿ ಎಲ್ರೂ ಚೆನ್ನಾಗ್ ಬಂದಿದಾರೆ."

"ಎಲ್ಲೂ ಹಾಕಲ್ಲ ಅಂದಿದ್ದೆ ನೀನು."

"ಎಲ್ಲೂ ಹಾಕಿಲ್ಲ! ನಮ್ಮ ಸಂಘದ ಪೇಜಿಗೆ ಅಷ್ಟೇ. ಕಾಂಪಿಟಿಶನ್ ಇತ್ತಲ್ಲ. ಬೇರೆ ದೇಶದ ದೊಡ್ಡ ಆಫೀಸರೇ ನೋಡೋಕೆ ಬಂದಿದ್ರು ಅಂತ ಜಡ್ಜ್‌ಗಳಿಗೆ ಗೊತ್ತಾಗ್ಬೇಡ್ವಾ? ಆದ್ರೂ ಫಸ್ಟು ಕೇಟಿ ಊರಿನವ್ರಿಗೆ ಕೊಟ್ರು, ಏನೋ ರಾಕೆಟ್ ಹಾರ್ಸಿದ್ರಂತೆ. ದಸರಾಗೂ ರಾಕೆಟ್ಟಿಗೂ ಏನು ಸಂಬಂಧ?"

"ಅವರ ಮಗಳನ್ನ ಯಾಕೆ ಟ್ಯಾಗ್ ಮಾಡ್ದೆ?"

"ಎಲ್ರನ್ನೂ ಮಾಡಿ ಅವ್ಳೊಬ್ಳನ್ನ ಬಿಟ್ರೆ ಏನಂದ್ಕೋತಾಳೆ? ಪಕ್ಕದ ಮನೆಯವ್ಳು! ಮರ್ಯಾದೆ ಬೇಡ್ವಾ?"

"ಹೊರಗಿನವರಿಗೆ ಗೊತ್ತಾಗಬಾರದು ಅಂದಿದ್ನಲ್ಲ, ಚಿಕ್ಕಮ್ಮ."

"ಹೊರಗಿನವ್ರು ಯಾರಿದಾರೆ ಅಲ್ಲಿ? ಎಲ್ಲಾ ನಮ್ಮ ಕನ್ನಡದವ್ರೇ..." ಮಾತು ಅರ್ಧಕ್ಕೆ ನಿಂತಿತು. ಆ ಕಡೆ ಕುಕ್ಕರ್ ಕೂಗಿತು. ಯಾರೂ ಅದನ್ನು ಆರಿಸಲಿಲ್ಲ. "ಅಯ್ಯೋ" ಎಂದಳು ಚಿಕ್ಕಮ್ಮ, ಬಹಳ ಸಣ್ಣ ದನಿಯಲ್ಲಿ. "ಅವ್ರ ಹೆಂಡ್ತಿ."

ಫೋಟೋ ತೆಗೆದಳು. ಅಷ್ಟರಲ್ಲಿ ಅದು ಮಗಳ ಖಾತೆಯಲ್ಲಿ ಎರಡು ದಿನ ಕೂತಿತ್ತು. ಮರುದಿನವೇ ನಾನು ಡಾಲಸ್‌ನಿಂದ ನೇರವಾಗಿ ಫುಲ್‌ಶೀರ್‌ಗೆ ಡ್ರೈವ್ ಮಾಡಿದೆ. ಮಗಳು ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತಳು. ಅವರು ಮಾತ್ರ ಎಂದಿನ ಕುರ್ಚಿಯಲ್ಲಿ ಕೂತು, ಎಂದಿನ ಹಾಗೆ ಚಹಾ ಕೊಟ್ಟರು.

"ಅವರು ನೋಡಿರುತ್ತಾರೆ" ಎಂದರು. "ಮಗಳು ಏನು ಹಾಕುತ್ತಾಳೆ ಎಂದು ನೋಡಲು ಒಬ್ಬನಿಗೆ ಸಂಬಳವಿದೆ. ನಾನು ಇದ್ದಾಗಲೂ ಇಂಥವರ ಮಕ್ಕಳನ್ನು ನೋಡಲು ಒಬ್ಬನಿದ್ದ. ಒಳ್ಳೆಯ ಹುಡುಗ, ಎಲ್ಲರ ಹುಟ್ಟುಹಬ್ಬವೂ ಅವನಿಗೆ ನೆನಪಿರುತ್ತಿತ್ತು."

ಹೆಂಡತಿ ಶುಕ್ರವಾರಗಳಂದು ಫೋನ್ ಮಾಡುತ್ತಿದ್ದರು. ಆ ಶುಕ್ರವಾರ ಫೋನ್ ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ. ನಮ್ಮ ಮಾತುಕತೆ ನಿಂತಿತು. ಆದರೂ ನಾನು ವಾರಾಂತ್ಯಗಳಲ್ಲಿ ಫುಲ್‌ಶೀರ್‌ಗೆ ಹೋಗುವುದನ್ನು ಬಿಡಲಿಲ್ಲ. ಹಿತ್ತಲ ಕಿಟಕಿಯಿಂದ ನೋಡಿದರೆ ಅವರು ಕೊಳದ ಸುತ್ತ ನಡೆಯುವುದು ಕಾಣುತ್ತಿತ್ತು. ಫೋನನ್ನು ಜೇಬಿನಲ್ಲಿ ಇಡದೆ ಕೈಯಲ್ಲೇ ಹಿಡಿದಿರುತ್ತಿದ್ದರು. ಚಿಕ್ಕಮ್ಮ ಸಾರು ಮಾಡಿದರೆ ಸಾರು, ಪಲ್ಯ ಮಾಡಿದರೆ ಪಲ್ಯ ಆ ಮನೆಯ ಬಾಗಿಲಿಗೆ ಕೊಟ್ಟು, ಒಳಗೆ ಹೋಗದೆ ಬರುತ್ತಿದ್ದಳು. ಅವಳಿಗೆ ಬರುವ ಫೋನುಗಳಿಗೆಲ್ಲ ಗಂಟಲು ಕೆಟ್ಟಿದೆ ಎಂದು ಚಿಕ್ಕಪ್ಪ ಉತ್ತರ ಕೊಡುತ್ತಿದ್ದರು. ಗಂಟಲು ಕೆಟ್ಟಿರುವ ಸುದ್ದಿ ಶುಗರ್ ಲ್ಯಾಂಡ್ ತಲುಪಿ ಅಲ್ಲಿಂದ ಜ್ಯೇಷ್ಠಮಧು ಬಂತು.

ವಸಂತದಲ್ಲಿ, ಹೈವೇಯ ಬದಿಯಲ್ಲಿ ನೀಲಿ ಹೂಗಳು ಬಿಡುವ ಕಾಲಕ್ಕೆ ಅವರ ಹೆಂಡತಿ ಬಂದರು. ಮುನ್ಸೂಚನೆಯಿರಲಿಲ್ಲ. ಇಸ್ತಾಂಬುಲ್‌ನಲ್ಲಿ ವಿಮಾನ ಬದಲಾಯಿಸುವಾಗ ಮಗಳಿಗೆ ಫೋನ್ ಮಾಡಿದರಂತೆ. ಬಂದ ವಾರವೇ ನನ್ನನ್ನು ಕರೆಸಿದರು. ಚಿಕ್ಕ ದೇಹ, ನೇರ ಬೆನ್ನು. ತಮ್ಮ ಭಾಷೆಯಲ್ಲಿ ಹೇಳುತ್ತಿದ್ದರು, ಮಗಳು ಇಂಗ್ಲಿಷಿಗೆ ತರುತ್ತಿದ್ದಳು. ಗಂಡ ಪಕ್ಕದಲ್ಲಿ ಕೂತು ಮಗಳು ಬಿಟ್ಟ ಪದಗಳನ್ನು ಸೇರಿಸುತ್ತಿದ್ದರು.

ಫೋಟೋ ಬಂದ ಕೆಲವೇ ದಿನಗಳಲ್ಲಿ ಇಲಾಖೆಯವರು ಅವರನ್ನು ಕರೆಸಿದ್ದರು. ಮೇಜಿನ ಮೇಲೆ ಆ ಫೋಟೋವನ್ನು ದೊಡ್ಡದಾಗಿ ಮುದ್ರಿಸಿ ಇಟ್ಟಿದ್ದರು. ಗಂಡನ ಮುಖ ನೋಡಿ ಎರಡು ವರ್ಷವಾಗಿತ್ತು. "ದಪ್ಪಗಾಗಿದ್ದಾನೆ ಎಂದು ಮೊದಲು ಅನ್ನಿಸಿತು" ಎಂದರು.

ಎದುರಿಗೆ ಕೂತಿದ್ದ ಅಧಿಕಾರಿ ಇವರ ಗಂಡನ ಕೈಕೆಳಗೇ ವರದಿ ಬರೆಯುವುದನ್ನು ಕಲಿತವನು. ಅವನು ಪೆನ್ಸಿಲಿನಿಂದ ಪಟ್ಟದ ಗೊಂಬೆಗಳನ್ನು ತೋರಿಸಿದ. ಈ ರಾಜ ಯಾರು? ಓಡಿಹೋಗಿರುವ ರಾಜವಂಶದ ಕಡೆಯವರ ಸಂಘಟನೆಯೇ ಇದು? ಸಿಪಾಯಿಗಳು ಯಾವ ಪಡೆಯವರು? ಅವರನ್ನು ಯಾರೋ ಎಣಿಸಿಯೂ ಇದ್ದರಂತೆ. ಕೆಳಗಿನ ಬರಹವನ್ನು ಕಷ್ಟಪಟ್ಟು ಭಾಷಾಂತರ ಮಾಡಿಸಿದ್ದರು: ನಿವೃತ್ತ ಗುಪ್ತಚರ ಅಧಿಕಾರಿ. ಹಾಗಾದರೆ ಇವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆಯೇ?

"ಅವನು ಕೈಯಲ್ಲಿ ಗೊಂಬೆ ಹಿಡಿದು ನಗುತ್ತಿದ್ದ" ಎಂದರು ಆಕೆ. "ನನಗೆ ಏನೂ ಅರ್ಥವಾಗಲಿಲ್ಲ. ಆದ್ದರಿಂದ ಅತ್ತೆ. ಅವನಿಗೆ ತಲೆ ಕೆಟ್ಟಿದೆ ಎಂದೆ. ಗೊಂಬೆಗಳ ಜೊತೆ ಆಡುತ್ತಾನೆ, ನೆರೆಯ ಹೆಂಗಸರು ಬೇಯಿಸಿದ ಕಾಳು ತಿನ್ನಿಸುತ್ತಾರೆ ಎಂದು ಮಗಳು ಅಳುತ್ತಾಳೆ ಎಂದೆ. ತಾನು ಇಲಾಖೆಯಲ್ಲಿದ್ದೆ ಎಂದು ಅವನೇ ಸಿಕ್ಕವರಿಗೆಲ್ಲ ಹೇಳುತ್ತಾನಂತೆ; ಬುದ್ಧಿ ಸರಿ ಇರುವವನು ಹಾಗೆ ಹೇಳುತ್ತಾನೆಯೇ ಎಂದು ಕೇಳಿದೆ."

ಅಧಿಕಾರಿ ಫೋಟೋವನ್ನು ಬಹಳ ಹೊತ್ತು ನೋಡಿದನಂತೆ. ರಾಜಪಕ್ಷದ ಸಂಚು ಎಂದು ಬರೆದರೆ ಅದು ತನ್ನ ಕಣ್ಣ ಕೆಳಗೇ ಹೇಗೆ ಬೆಳೆಯಿತು ಎಂದು ಮೇಲಿನವರು ಕೇಳುತ್ತಾರೆ. ಹುಚ್ಚ ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಅವನು ಬರೆದು, ಇವರಿಗೆ ಓದಿ ಹೇಳಿದ: ವ್ಯಕ್ತಿಯ ಬುದ್ಧಿ ಸ್ಥಿಮಿತದಲ್ಲಿಲ್ಲ. ಅಪಾಯವಿಲ್ಲ.

"ಎರಡು ವಾಕ್ಯವೇ?" ಎಂದು ಗಂಡ ಮಧ್ಯೆ ಬಾಯಿ ಹಾಕಿದರು.

"ಎರಡು."

"ಒಂದರಲ್ಲಿ ಮುಗಿಸಬಹುದಿತ್ತು." ಆಮೇಲೆ, "ಅಪಾಯವಿಲ್ಲ ಎಂದೇ ಬರೆದನೇ? ಅಪಾಯ ಕಡಿಮೆ ಎಂದಲ್ಲ?" ಎಂದು ಕೇಳಿದರು.

ವಿಷಯ ಅಲ್ಲಿಗೆ ಮುಗಿದಿರಲಿಲ್ಲ. ಹುಚ್ಚನ ಹೆಂಡತಿಯನ್ನು ಹಿಡಿದಿಟ್ಟುಕೊಳ್ಳಲು ಕಾರಣ ಉಳಿಯಲಿಲ್ಲ; ಆದರೂ ಆಕೆಯನ್ನು ಬಿಡಬೇಕಾದರೆ ಹೊಣೆಗೆ ಒಬ್ಬರು ಬೇಕಿತ್ತು. ಆಕೆಯ ತಂಗಿ ಮುಚ್ಚಳಿಕೆ ಬರೆದುಕೊಟ್ಟಿದ್ದರು: ಭಾವನ ಕಾಯಿಲೆ ನಿಜ, ಅದು ಗುಣವಾಗುವಂಥದ್ದಲ್ಲ. ಆ ತಂಗಿ ಈಗ ಬೇರೊಂದು ದೇಶದಲ್ಲಿ ಕ್ಷೇಮವಾಗಿದ್ದಾರೆ. ಅದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ. ಆಗ ಅವರು ಅಲ್ಲೇ ಇದ್ದರು. ಆ ಭಾವ ಸರಿಯಾದ ಬುದ್ಧಿಯಿಂದ, ವರ್ಷ, ತಾರೀಖು, ಹುದ್ದೆಗಳ ಸಮೇತ ಮಾತಾಡಿರುವ ಒಂದು ಗಂಟೆಯ ಧ್ವನಿಮುದ್ರಿಕೆ ಎಲ್ಲಾದರೂ ಹೊರಬಿದ್ದರೂ ಆ ತಂಗಿಗೆ ಕಷ್ಟ.

ಹೀಗಾಗಿ ಅವರು ಹುಚ್ಚರಾಗಿಯೇ ಇರಬೇಕಾಯಿತು. ಫುಲ್‌ಶೀರ್‌ನಲ್ಲಿ ಅವರ ದೇಶದವರು ಇನ್ನೆರಡು ಮನೆಯವರಿದ್ದರು. ಅವರಲ್ಲಿ ಯಾರು ಯಾರಿಗೆ ಫ್ರೆಂಡ್ ಎಂದು ಗೊತ್ತಿರಲಿಲ್ಲ. ಚಿಕ್ಕಮ್ಮ ಅಡುಗೆಮನೆಯ ಕಟ್ಟೆಗೆ ಒರಗಿ, "ನನ್ನಿಂದಾನೇ ಆಗಿದ್ದು. ನಾನೇನ್ ಮಾಡ್ಲಿ ಹೇಳು ಅವ್ರಿಗೆ" ಎಂದಳು. ನಾನು ಹೋಗಿ ಕೇಳಿದೆ. ಆ ಹೆಂಡತಿ ಒಂದು ಕ್ಷಣವೂ ಯೋಚಿಸದೆ ಹೇಳಿದ್ದನ್ನು ಮಗಳು ಇಂಗ್ಲಿಷಿಗೆ ತಂದಳು: "ಮೊದಲು ಮಾಡಿದ್ದನ್ನೇ ಮಾಡಲಿ."

ಚಿಕ್ಕಮ್ಮನ ಗಂಟಲು ಸರಿಯಾಯಿತು. ಪಕ್ಕದ ಮನೆಯ ಅಂಕಲ್‌ಗೆ ಮರೆವಿನ ಕಾಯಿಲೆ, ಗೊಂಬೆ ಹಬ್ಬದ ದಿನವೇ ತನಗೆ ಅನುಮಾನ ಬಂದಿತ್ತು, ಇಂಟೆಲಿಜೆನ್ಸ್ ಗಿಂಟೆಲಿಜೆನ್ಸ್ ಏನೂ ಇಲ್ಲ, ಎಲ್ಲಾ ಅವರ ಕಲ್ಪನೆ ಎನ್ನುವ ಸುದ್ದಿ ಶನಿವಾರಕ್ಕೆ ಸ್ಟಾಫರ್ಡ್, ಭಾನುವಾರಕ್ಕೆ ದೇವಸ್ಥಾನ ಮುಟ್ಟಿತು. ಸೋಮವಾರ ಡಾಲಸ್‌ನಿಂದ ಆಂಟಿಯ ಫೋನ್.

"ಪಾಪ ಆ ಅಜ್ಜಾರು! ಬ್ರಾಹ್ಮಿ ಎಣ್ಣಿ ಕಳಿಸೇನಿ ನೋಡ. ದಿನಾ ನೆತ್ತಿಗೆ ಹಚ್ಚಲಿಕ್ಕೆ ಹೇಳು. ನಮ್ಮ ಮಾವನವ್ರಿಗೂ ಹಿಂಗ ಆಗಿತ್ತು, ನಾ ಕಲೆಕ್ಟರ್ ಇದ್ದೆ ಅಂತಿದ್ರು."

ಈ ಸಲ ಸುದ್ದಿ ಯಾವ ಹಂತದಲ್ಲೂ ಸವೆಯಲಿಲ್ಲ. ಹೋದಲ್ಲೆಲ್ಲ ಸ್ವಲ್ಪ ಬೆಳೆಯಿತು. ಮೂಲ ವ್ಯಕ್ತಿ ಹಿಂದೆ ಸರಿದಿದ್ದಾರೆ ಎಂದು ನಾನು ನನ್ನ ಮಾರ್ಗದರ್ಶಕರಿಗೆ ತಿಳಿಸಿದೆ. ಬೆದರಿಕೆಯೇ ಎಂದು ಕೇಳಿದರು. ಆರೋಗ್ಯ ಎಂದೆ. ಆ ಅಧ್ಯಾಯದ ಜಾಗಕ್ಕೆ, ಇಂಥ ಮಾಹಿತಿ ಸಿಗುವುದು ಯಾಕೆ ಕಷ್ಟ ಎಂಬ ಅಧ್ಯಾಯ ಬಂತು. ಅದನ್ನು ಓದಿದವರು ಬಹಳ ತಾತ್ವಿಕವಾಗಿದೆ ಎಂದರು.

ಧ್ವನಿಮುದ್ರಿಕೆಗಳನ್ನು ಅಳಿಸಲು ಹೋದ ದಿನ ಮುಂದಿನ ಬಾಗಿಲಿನಿಂದಲೇ ಹೋದೆ. ಹೆಂಡತಿ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಒಂದೊಂದನ್ನೂ ಅಳಿಸುವ ಮುನ್ನ ಸ್ವಲ್ಪ ಕೇಳಿಸು ಎಂದು ಕೈಸನ್ನೆ ಮಾಡಿದರು. ಕೋಣೆಯಲ್ಲಿ ಅವರ ಗಂಡನ ದನಿ ಮಳೆ, ಜಾಮು, ಮೆರವಣಿಗೆ ಎಂದು ಹೇಳಿ ಹೇಳಿ ನಿಲ್ಲುತ್ತಿತ್ತು. ಆಕೆಗೆ ಇಂಗ್ಲಿಷ್ ಎಷ್ಟು ತಿಳಿಯುತ್ತಿತ್ತೋ ಕಾಣೆ. ಅವರು ಎದುರಿಗೆ ಕೂತು ತಮ್ಮದೇ ಮಾತನ್ನು, ಬೇರೆ ಯಾರದೋ ವರದಿಯನ್ನು ಕೇಳುವ ಹಾಗೆ ಕೇಳಿದರು. ಒಂದು ಕಡೆ ನನ್ನ ದನಿ ಬಂತು: ಆ ಹೆಸರುಗಳಿದ್ದವರಿಗೆ ಏನಾಯಿತು? ಆಮೇಲೆ ಲೋಟ ಇಟ್ಟ ಅತಿ ಸಣ್ಣ ಸದ್ದು. ಹೆಂಡತಿ ಗಂಡನ ಮುಖ ನೋಡಿದರು. ಅವರು ನನ್ನನ್ನು ನೋಡಿ, ಅಳಿಸು ಎಂದು ತಲೆಯಾಡಿಸಿದರು.

ಕೊನೆಯದನ್ನು ಅಳಿಸುತ್ತಿದ್ದಾಗ ಬಾಗಿಲ ಗಂಟೆ ಕೇಳಿಸಿತು. ಚಿಕ್ಕಮ್ಮ ಡಬ್ಬಿ ಹಿಡಿದುಕೊಂಡು ಬಂದಿದ್ದಳು. ಅವಳು ಒಳಗೆ ಕಾಲಿಡುವಷ್ಟರಲ್ಲಿ ಗಂಡನ ಕೆಳತುಟಿ ಜೋತುಬಿತ್ತು, ಕಣ್ಣು ಗೋಡೆಯ ಮೇಲೆ ಎಲ್ಲೋ ನಿಂತಿತು, ಬಲಗೈ ತೊಡೆಯ ಮೇಲೆ ನಿಧಾನವಾಗಿ ಏನನ್ನೋ ಒರೆಸತೊಡಗಿತು. ಎಲ್ಲ ತಿಳಿದ ಚಿಕ್ಕಮ್ಮನ ಮುಂದೆಯೂ ಅವರು ಅಭ್ಯಾಸ ತಪ್ಪಿಸುತ್ತಿರಲಿಲ್ಲ. ಹೆಂಡತಿ ಬಾಯಿಗೆ ಸೆರಗಿನ ಹಾಗೆ ಕೈ ಅಡ್ಡ ಹಿಡಿದು ನಕ್ಕರು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಂಕಲ್!" ಎಂದು ಚಿಕ್ಕಮ್ಮ ಬಾಗಿ, ಕಿವುಡರಿಗೆ ಹೇಳುವಂತೆ ಕೂಗಿದಳು. "ಪಾಯಸ! ಸ್ವೀಟ್! ಈಟ್, ಹಾಂ?" ಒಂದು ಚಮಚ ತಾನೇ ತಿನ್ನಿಸಿ, ಗಲ್ಲ ಒರೆಸಿದಳು. ಅವರು ವಿಧೇಯವಾಗಿ ನುಂಗಿದರು.

ನಾನು ಅವಳ ಜೊತೆ ಬಾಗಿಲವರೆಗೆ ಹೋದೆ. ಚಿಕ್ಕಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತ ಒಳಗೊಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದಳು:

"ಪಾಪ ಕಣೇ. ಇವತ್ತು ಸ್ವಲ್ಪ ಜಾಸ್ತೀನೇ ಆಗಿದೆ."